70-200 ಎಫ್/4: ಐಎಸ್ ಇಲ್ದೆ ನಾಲ್ಕು ವರ್ಷ, ಐಎಸ್ ಜೊತೆ ಆರು ವರ್ಷ

ಟೆಲಿ ಲೆನ್ಸ್ ಅಪ್‌ಗ್ರೇಡ್ ಮಾಡೋರೆಲ್ಲ ಕೇಳೋದು ಒಂದೇ, ಸ್ಟೆಬಿಲೈಸೇಶನ್‌ಗೆ (ಲೆನ್ಸ್ ಒಳಗೇ ಕೈ ನಡುಕ ತಡೆಯೋ ವ್ಯವಸ್ಥೆ, ಕ್ಯಾನನ್‌ನಲ್ಲಿ ಐಎಸ್ ಅಂತಾರೆ) ಅಷ್ಟು ದುಡ್ಡು ಜಾಸ್ತಿ ಕೊಡಬೇಕಾ ಅಂತ. ನಾನು ಒಂದೇ ಲೆನ್ಸನ್ನ ಎರಡೂ ಥರ ಬಳಸಿದೀನಿ. ಮೊದಲು ಕ್ಯಾನನ್ 70-200 ಎಂಎಂ ಎಫ್/4 ಎಲ್, 1999ರದ್ದು, ಅದ್ರಲ್ಲಿ ಐಎಸ್ ಇಲ್ಲ. ಆಮೇಲೆ 2006ರಲ್ಲಿ ಬಂದ ಐಎಸ್ ಇರೋ ಎಫ್/4. ತೂಕ 705 ಗ್ರಾಂ ಇದ್ದಿದ್ದು 760 ಆಗಿದೆ, ಕೈಗೆ ಗೊತ್ತೇ ಆಗಲ್ಲ.

ತಗೊಳೋವಾಗ ನಿಜವಾಗ್ಲೂ ತಲೆ ಕೆಡಿಸಿದ್ದು ಬೇರೆ ವಿಷಯ. ಹೆಚ್ಚುಕಮ್ಮಿ ಅದೇ ಬಜೆಟ್‌ಗೆ ಸೆಕೆಂಡ್ ಹ್ಯಾಂಡಲ್ಲಿ ಐಎಸ್ ಇಲ್ಲದ ಹಳೇ ಎಫ್/2.8 ಸಿಗ್ತಿತ್ತು. ಎಫ್/4ಗಿಂತ ಎಫ್/2.8ರಲ್ಲಿ ಒಂದು ಸ್ಟಾಪ್ ಬೆಳಕು ಜಾಸ್ತಿ, ಅಂದ್ರೆ ಎರಡು ಪಟ್ಟು ಬೆಳಕು, ಶಟರ್ ಸ್ಪೀಡ್ ಡಬಲ್, ಅದು ಕೈ ನಡುಕಕ್ಕೂ ಆಗುತ್ತೆ, ಎದುರಿಗಿರೋರು ಅಲ್ಲಾಡಿದ್ರೂ ಆಗುತ್ತೆ. ಐಎಸ್‌ಗೆ ಕಂಪನಿ ಹೇಳೋದು ನಾಲ್ಕು ಸ್ಟಾಪ್, ಆದ್ರೆ ಅದು ಬರೀ ನಮ್ಮ ಕೈ ನಡುಕಕ್ಕೆ. ಈ ಒಂದು ವ್ಯತ್ಯಾಸ ತಲೇಲಿ ಕೂತ್ರೆ ಅರ್ಧ ಗೊಂದಲ ಮುಗೀತು.

ಲೆಕ್ಕ ಹೀಗೆ. ಕೈಯಲ್ಲಿ ಹಿಡಿದು ತೆಗೆಯೋವಾಗ ಶಟರ್ ಸ್ಪೀಡ್ ಕನಿಷ್ಠ ಒಂದು ಭಾಗಿಸು ಫೋಕಲ್ ಲೆಂಗ್ತ್ (ಲೆನ್ಸಿನ ಎಂಎಂ) ಇರ್ಬೇಕು ಅಂತಾರಲ್ಲ, ನನ್ನದು 1.6 ಪಟ್ಟಿನ ಕ್ರಾಪ್ ಬಾಡಿ (ಸಣ್ಣ ಸೆನ್ಸರಿನ ಕ್ಯಾಮೆರಾ), ಹಾಗಾಗಿ 200ನ್ನ 1.6ರಿಂದ ಗುಣಿಸಿದ್ರೆ 1/320 ಸೆಕೆಂಡ್ ಬೇಕು. ನಾಲ್ಕು ಸ್ಟಾಪ್ ಇಳಿಸಿದ್ರೆ 160, 80, 40, 20, ಅಂದ್ರೆ 1/20. ಆರು ವರ್ಷ ಬಳಸಿದ ಮೇಲೆ ನಾನು ಕಣ್ಮುಚ್ಚಿ ನಂಬೋದು 1/40ರ ತನಕ, 1/20ರಲ್ಲೂ ಬರುತ್ತೆ, ಆದ್ರೆ ನಾಲ್ಕೈದು ಫ್ರೇಮ್ ಹೊಡೆದು ಒಳ್ಳೇದನ್ನ ಆರಿಸ್ಕೋಬೇಕು. ಹಳೇ ಲೆನ್ಸಲ್ಲಿ 1/160ಕ್ಕೇ ಉಸಿರು ಬಿಗಿ ಹಿಡಿದು ಗೋಡೆಗೆ ಒರಗಿ ತೆಗೀತಿದ್ದೆ, ಆಗ್ಲೂ ಮನೆಗೆ ಬಂದು ಝೂಮ್ ಮಾಡಿದ್ರೆ ಕಣ್ಣಿನ ಅಂಚಲ್ಲಿ ಎರಡೆರಡು ಗೆರೆ.

ಒಂದು ಫೋಟೋ ಬಗ್ಗೆ ಹೇಳ್ತೀನಿ. ಸ್ನೇಹಿತರೊಬ್ಬರು ಸ್ಟೇಜ್ ಮೇಲೆ ಗಿಟಾರ್ ಹಿಡಿದು ಹಾಡ್ತಿದ್ರು, ಲೈಟು ತೀರಾ ಕಮ್ಮಿ, 200 ಎಂಎಂ, 1/50. ದೊಡ್ಡದು ಮಾಡಿ ನೋಡಿದ್ರೆ ರೆಪ್ಪೆ ಕೂದಲು ಒಂದೊಂದೂ ಎಣಿಸ್ಬಹುದು, ಮೈಕಿನ ಜಾಲರಿಯ ಕಣ್ಣು ಕಣ್ಣೂ ಶಾರ್ಪ್, ಹಣೆ ಮೇಲಿನ ಬೆವರ ಹನಿಯಲ್ಲಿ ಲೈಟಿನ ಚುಕ್ಕೆ ಕೂಡ ಇದೆ. ಆದ್ರೆ ತಂತಿ ಮೀಟೋ ಕೈ? ಬರೀ ಮಸುಕು, ಬೆರಳು ಯಾವುದು ಉಂಗುರ ಯಾವುದು ಗೊತ್ತಾಗಲ್ಲ. ಐಎಸ್ ಏನು ಮಾಡುತ್ತೆ ಏನು ಮಾಡಲ್ಲ ಅನ್ನೋದು ಆ ಒಂದೇ ಫ್ರೇಮಲ್ಲಿದೆ. ಎಫ್/2.8 ಇದ್ದಿದ್ರೆ 1/100 ಸಿಗ್ತಿತ್ತು, ಅದಕ್ಕೂ ಆ ಕೈ ನಿಲ್ತಿರಲಿಲ್ಲ, ಮುಖಾನೂ ಅಲ್ಲಾಡಿರೋ ಚಾನ್ಸು ಇತ್ತು. ಹಾಗಾಗಿ ನನ್ನ ಆಯ್ಕೆ ಬಗ್ಗೆ ಬೇಜಾರಿಲ್ಲ, ಅದೂ ಅಲ್ದೆ ಆ ಎಫ್/2.8 ತೂಕ 1310 ಗ್ರಾಂ, ದಿನವಿಡೀ ಕುತ್ತಿಗೆಗೆ ಹಾಕ್ಕೊಂಡು ಓಡಾಡೋದು ನನ್ನ ಕೈಲಾಗಲ್ಲ.

ತಗೊಳೋ ಮುಂಚೆ ನಾನು ಲೆಕ್ಕಕ್ಕೇ ಇಟ್ಕೊಂಡಿರದ ಒಂದು ಲಾಭ ಅಂದ್ರೆ ವ್ಯೂಫೈಂಡರ್. ಹಾಫ್ ಪ್ರೆಸ್ ಮಾಡಿದ (ಶಟರ್ ಬಟನ್ ಅರ್ಧ ಒತ್ತಿದ) ತಕ್ಷಣ ಒಳಗಡೆ ಸಣ್ಣಗೆ ಟಿಕ್ ಅಂದು ಸರ್‍ರ್ ಅನ್ನೋ ಸದ್ದು ಶುರುವಾಗುತ್ತೆ, ತೇಲಾಡ್ತಿದ್ದ ಚಿತ್ರ ಹಾಗೇ ನಿಂತುಬಿಡುತ್ತೆ. ಕೊಂಬೆ ಮೇಲಿರೋ ಹಕ್ಕಿ ಕಣ್ಣಿನ ಮೇಲೆ ಫೋಕಸ್ ಪಾಯಿಂಟ್ ಇಟ್ರೆ ಅಲ್ಲೇ ಇರುತ್ತೆ, ಮೊದಲು ಕಣ್ಣಿಗೆ ಇಟ್ಟಿದ್ದು ಎದೆಗೆ ಜಾರಿರೋದು. ಬಾಡಿ ಒಳಗೇ ಸೆನ್ಸರ್ ಸರಿಸೋ ಸ್ಟೆಬಿಲೈಸೇಶನ್ ಇದ್ರೆ ಸಾಕಲ್ವಾ ಅಂತ ಕೇಳೋರಿಗೆ, ಡಿಎಸ್‌ಎಲ್‌ಆರ್‌ನ ಆಪ್ಟಿಕಲ್ ವ್ಯೂಫೈಂಡರಲ್ಲಿ ಅದು ಈ ಸಹಾಯ ಮಾಡಲ್ಲ, ಮತ್ತೆ ಅಷ್ಟೇ ನಡುಕಕ್ಕೆ 50 ಎಂಎಂಗಿಂತ 200 ಎಂಎಂಗೆ ಸೆನ್ಸರ್ ನಾಲ್ಕು ಪಟ್ಟು ಜಾಸ್ತಿ ಸರೀಬೇಕು, ಅದಕ್ಕೂ ಒಂದು ಮಿತಿ ಇದೆಯಲ್ಲ.

ಮೊದಲ ತಿಂಗಳು ನಾನೇ ಒಂದು ತಪ್ಪು ಮಾಡ್ತಿದ್ದೆ. ಬಟನ್ ಒಂದೇ ಸಲಕ್ಕೆ ಪೂರ್ತಿ ಒತ್ತಿಬಿಡೋದು, ಫೋಟೋ ಮಂಕಾಗಿ ಬಂದ್ರೆ ಲೆನ್ಸ್ ಮೇಲೆ ಅನುಮಾನ. ಐಎಸ್ ಸೆಟ್ ಆಗೋಕೆ ಒಂದು ಕ್ಷಣ ಬೇಕು, ಚಿತ್ರ ನಿಂತಿದ್ದು ಕಣ್ಣಿಗೆ ಕಂಡ ಮೇಲೆ ಒತ್ತಬೇಕು. ಓಡೋ ಸೈಕಲ್ ಜೊತೆಗೇ ಕ್ಯಾಮೆರಾ ತಿರುಗಿಸ್ತಾ ಪ್ಯಾನ್ ಮಾಡೋವಾಗ ಲೆನ್ಸ್ ಮೇಲಿನ ಐಎಸ್ ಸ್ವಿಚ್ಚನ್ನ ಮೋಡ್ 2ಕ್ಕೆ ಹಾಕ್ಕೊಳ್ಳಿ, ಅದು ಪ್ಯಾನ್ ಮಾಡೋ ದಿಕ್ಕನ್ನ ಬಿಟ್ಟು ಇನ್ನೊಂದು ದಿಕ್ಕಿನ ನಡುಕ ಮಾತ್ರ ತಡೆಯುತ್ತೆ. ಟ್ರೈಪಾಡ್ ಮೇಲಿಟ್ರೆ ಆಫ್ ಮಾಡ್ತೀನಿ, ಬ್ಯಾಟರಿನೂ ಉಳಿಯುತ್ತೆ. ಕ್ಯಾಮೆರಾ ಮೈಕಲ್ಲೇ ವಿಡಿಯೋ ರೆಕಾರ್ಡ್ ಮಾಡಿದ್ರೆ ಆ ಸರ್‍ರ್ ಸದ್ದೂ ಸೇರ್ಕೊಳ್ಳುತ್ತೆ.

ಇನ್ನು ನೀವು ತೆಗೆಯೋದು ಬರೀ ಬಿಸಿಲಲ್ಲಿ ಹಾರೋ ಹಕ್ಕಿ, ಓಡೋ ಆಟಗಾರರು ಅಂದ್ರೆ ನಾನು ಅಪ್‌ಗ್ರೇಡ್ ಮಾಡಿ ಅನ್ನಲ್ಲ. ಅಲ್ಲಿ ಹೇಗಿದ್ರೂ 1/1600, 1/2000 ಇಡ್ತೀರ, ಐಎಸ್‌ಗೆ ಹೆಚ್ಚಿನ ಕೆಲಸ ಇರಲ್ಲ. 1993ರ 400 ಎಂಎಂ ಎಫ್/5.6ರಲ್ಲಿ ಐಎಸ್ ಇಲ್ಲ, ಆದ್ರೂ ಹಾರೋ ಹಕ್ಕಿ ತೆಗೆಯೋರು ಅದನ್ನ ಎಷ್ಟೋ ವರ್ಷ ಬಿಟ್ಟುಕೊಡಲಿಲ್ಲ. ಆ ದುಡ್ಡಲ್ಲಿ ಹೈ ಐಎಸ್‌ಓ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ ಹೆಚ್ಚಿಸಿ ತೆಗೆಯೋದು) ಚೆನ್ನಾಗಿರೋ ಬಾಡಿ ನೋಡಿ.

ಸೆಕೆಂಡ್ ಹ್ಯಾಂಡ್ ತಗೊಳೋರು ಲೆನ್ಸ್ ಅಲ್ಲಾಡಿಸಿ ಒಳಗೆ ಲೊಡಲೊಡ ಅಂತ ಸಣ್ಣ ಸದ್ದು ಬಂದ್ರೆ ಗಾಬರಿ ಆಗ್ಬೇಡಿ, ಐಎಸ್ ಭಾಗ ಅದು, ಸಹಜ. 200ಕ್ಕೆ ಝೂಮ್ ಮಾಡಿ, ದೂರದ ಬೋರ್ಡಿನ ಅಕ್ಷರ ನೋಡ್ತಾ ಹಾಫ್ ಪ್ರೆಸ್ ಹಿಡ್ಕೊಳ್ಳಿ. ಅಕ್ಷರ ಮೆತ್ತಗೆ ನಿಂತ್ರೆ ಸರಿ. ಜಿಗಿದ್ರೆ, ಒಂದು ಕಡೆಗೆ ಎಳೆದು ನಡುಗಿದ್ರೆ, ರೇಟ್ ಎಷ್ಟೇ ಕಮ್ಮಿ ಇರಲಿ ತಗೋಬೇಡಿ.