ರೇಸಿಂಗ್ ಹ್ಯಾಂಡ್‌ಸೈಕಲ್‌ನ ಮೊದಲ ಮಾದರಿ: ಒಂದು ವಿಮರ್ಶೆ

ಎದೆಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಚಲನೆ ಕಳೆದುಕೊಂಡ ಕ್ರೀಡಾಪಟುವೊಬ್ಬರಿಗಾಗಿ ಸಣ್ಣ ವರ್ಕ್‌ಶಾಪೊಂದು ತಯಾರಿಸಿದ, ಕಾಲಿನ ಬದಲು ಕೈಗಳಿಂದ ಓಡಿಸುವ ಮೂರು ಗಾಲಿಯ ಗಾಡಿಯಾದ ರೇಸಿಂಗ್ ಹ್ಯಾಂಡ್‌ಸೈಕಲ್‌ನ ಮೊದಲ ಮಾದರಿಯಿದು. ತಯಾರಕರು ಕಾರ್ಬನ್ ಫೈಬರಿನ ಆಕರ್ಷಣೆಗೆ ಒಳಗಾಗದೆ, ಆಸನದ ಒರಗು, ಕೈಯಿಂದ ತಿರುಗಿಸುವ ಕ್ರ್ಯಾಂಕಿನ ಎತ್ತರ ಮತ್ತು ದೂರ, ಪಾದಗಳ ಆಸರೆ ಎಲ್ಲವನ್ನೂ ಸಡಿಲಿಸಿ ಸರಿಸಬಹುದಾದ ಅಲ್ಯೂಮಿನಿಯಂ ಚೌಕಟ್ಟನ್ನು ಕಟ್ಟಿರುವುದು ಜಾಣತನ. ಅಳತೆಗಳು ಖಚಿತವಾಗುವ ಮುನ್ನವೇ ಕಾರ್ಬನ್ನಿಗೆ ಅಚ್ಚು ಮಾಡಿಸಿದರೆ ಆಮೇಲೆ ತಿದ್ದುವುದಕ್ಕೆ ದಾರಿಯಿರುವುದಿಲ್ಲ.

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಇಟಲಿಯ ಅಲೆಕ್ಸ್ ಝನಾರ್ಡಿಯವರ ಮಂಡಿಯೂರುವ ಭಂಗಿಯನ್ನು ಇಲ್ಲಿ ಅನುಕರಿಸಿಲ್ಲ ಎಂಬುದೂ ಸಮಾಧಾನದ ಸಂಗತಿ. ಕಾಲುಗಳನ್ನು ಕಳೆದುಕೊಂಡಿದ್ದರೂ ಅವರು ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳ ಬಲವನ್ನು ಕ್ರ್ಯಾಂಕಿಗೆ ಹಾಕಬಲ್ಲವರಾಗಿದ್ದರು. ಆ ಸ್ನಾಯುಗಳೇ ಸ್ಪಂದಿಸದವರಿಗೆ ಒರಗಿ ಮಲಗುವ ಭಂಗಿಯೇ ಸರಿ.

ಎರಡೂ ಹಿಡಿಕೆಗಳು ಒಟ್ಟಿಗೇ ತಿರುಗುತ್ತವೆ. ಗಾಡಿಯನ್ನು ಮುನ್ನಡೆಸುವ ಮುಂಗಾಲಿಯೇ ದಿಕ್ಕನ್ನೂ ಬದಲಿಸುವುದರಿಂದ, ಕೈಗಳು ಕಾಲಿನ ಪೆಡಲಿನಂತೆ ಒಂದಾದ ಮೇಲೊಂದು ತಳ್ಳಿದರೆ ಗಾಲಿ ಅತ್ತಿತ್ತ ಓಲಾಡುತ್ತದೆ. ಗೇರು ಬದಲಿಸುವ ವೈರ್‌ಲೆಸ್ ಗುಂಡಿಗಳನ್ನು ಹಿಡಿಕೆಯಲ್ಲೇ ಕೂರಿಸಿರುವುದರಿಂದ ತಿರುಗುವ ಕ್ರ್ಯಾಂಕಿಗೆ ಕೇಬಲ್ ಸುತ್ತಿಕೊಳ್ಳುವ ತಾಪತ್ರಯ ತಪ್ಪಿದೆ. ಬ್ರೇಕಿಗೆ ಮಾತ್ರ ಅಂಥ ಪರಿಹಾರ ದೊರೆತಿಲ್ಲ: ಅದರ ಲಿವರ್ ಚೌಕಟ್ಟಿನ ಮೇಲಿದ್ದು, ಒಂದು ಕೈಯನ್ನು ಹಿಡಿಕೆಯಿಂದ ತೆಗೆಯದೆ ಎಟುಕುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಇದು ಸಣ್ಣ ವಿಚಾರವಲ್ಲ. ಲಿವರನ್ನು ಕೈಗೆ ಇನ್ನಷ್ಟು ಸಮೀಪಕ್ಕೆ ತರದೆ ಈ ಗಾಡಿಯನ್ನು ಸ್ಪರ್ಧೆಗೆ ಇಳಿಸಬಾರದೆಂದು ನನ್ನ ಅಭಿಪ್ರಾಯ. ಸವಾರರ ಭಾರವೆಲ್ಲ ಹಿಂದಕ್ಕೆ ವಾಲುವುದರಿಂದ, ಒದ್ದೆಯಾದ ಕಡಿದಾದ ಏರಿನಲ್ಲಿ ಮುಂಗಾಲಿ ಹಿಡಿತ ತಪ್ಪಿ ಜಾರುವುದೂ ಉಂಟು. ಈ ವಿನ್ಯಾಸದ ಗಾಡಿಗಳಿಗೆಲ್ಲ ಇರುವ ತೊಡಕಿದು.

ನನಗೆ ಹೆಚ್ಚು ಅಸಮಾಧಾನ ತಂದದ್ದು ಆಸನ. ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದವರಿಗೆ ಒಂದು ಬೋಲ್ಟಿನ ತಲೆ, ಮಡಿಸಿದ ಬಟ್ಟೆಯ ಹೊಲಿಗೆ ಒತ್ತಿದರೂ ನೋವು ಎಚ್ಚರಿಸುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹುಣ್ಣಾಗಿರುತ್ತದೆ, ಅದು ಮಾಯುವವರೆಗೆ ಅಭ್ಯಾಸವೂ ನಿಲ್ಲುತ್ತದೆ. ಹೀಗಿರುವಾಗ ಹಿಮ್ಮಡಿಯ ಆಸರೆಯ ಅಂಚನ್ನು ಹಾಗೇ ಚೂಪಾಗಿ ಬಿಟ್ಟು, ಆಸನಕ್ಕೆ ತೆಳುವಾದ ಫೋಮ್ ಅಂಟಿಸಿ ಕೈತೊಳೆದುಕೊಂಡಿರುವುದನ್ನು ಒಪ್ಪಲಾಗದು. ಪಾದಗಳು ಜಾರದಂತೆ ಕಟ್ಟುವ ಪಟ್ಟಿಗಳು ಅಗಲವಾಗಿವೆ, ಅಷ್ಟು ಒಳ್ಳೆಯದು.

ಆಸನ ನೆಲಕ್ಕೆ ತೀರಾ ಹತ್ತಿರವಿರುವುದರಿಂದ ಗಾಳಿಯ ತಡೆ ಕಡಿಮೆ, ಆದರೆ ನಮ್ಮ ರಸ್ತೆಗಳ ಹಂಪುಗಳಿಗೆ ಚೌಕಟ್ಟಿನ ತಳ ಉಜ್ಜುತ್ತದೆ. ಗಾಲಿಕುರ್ಚಿಯಿಂದ ಅಷ್ಟು ಕೆಳಕ್ಕೆ ಇಳಿಯಲು, ಮತ್ತೆ ಮೇಲೇರಲು ಜೊತೆಗೊಬ್ಬರು ಬೇಕೇ ಬೇಕು.