ಬಾಸ್ ಆರ್‌ಸಿ-500: ಒಬ್ಬರೇ ನಿಂತು ಹಾಡುವವರಿಗೆ ಎಷ್ಟು ದಕ್ಕುತ್ತದೆ?

ನುಡಿಸಿದ್ದನ್ನು ಅಲ್ಲೇ ರೆಕಾರ್ಡ್ ಮಾಡಿ ಮತ್ತೆ ಮತ್ತೆ ಸುತ್ತಿಸುವ, ಅದರ ಮೇಲೆ ಪದರ ಪದರವಾಗಿ ನುಡಿಸಲು ಬಿಡುವ ಕಾಲಲ್ಲಿ ಒತ್ತುವ ಯಂತ್ರವೇ ಲೂಪ್ ಪೆಡಲ್, ಅಂದರೆ ಲೂಪರ್. ಅದನ್ನು ಕೊಳ್ಳಲು ಬರುವವರಲ್ಲಿ ಹಲವರು ಟ್ಯಾಶ್ ಸುಲ್ತಾನಾ ವಿಡಿಯೊ ನೋಡಿಯೇ ಬಂದಿರುತ್ತಾರೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಮಾಲ್ಟಾ ಮೂಲದ, ಮೆಲ್ಬರ್ನ್‌ನಲ್ಲಿ ಬೆಳೆದ ಕ್ವಿಯರ್ ಕಲಾವಿದರು. ಮೂರನೇ ವಯಸ್ಸಿಗೆ ತಾತ ಗಿಟಾರು ಕೊಟ್ಟರು, ಮುಂದೆ ಬೀದಿಯಲ್ಲಿ ನುಡಿಸಿ ದುಡಿದರು. 2016ರಲ್ಲಿ ಮನೆಯ ಕೋಣೆಯಲ್ಲಿ ಒಬ್ಬರೇ ನಿಂತು 'ಜಂಗಲ್' ನುಡಿಸಿದ ವಿಡಿಯೊ ಜಗತ್ತು ಸುತ್ತಿತು. ಆಸ್ಟ್ರೇಲಿಯಾದ ಟ್ರಿಪಲ್ ಜೆ ರೇಡಿಯೊ ಕೇಳುಗರು ಮತ ಹಾಕಿ ಆರಿಸುವ ಹಾಟೆಸ್ಟ್ 100 ಪಟ್ಟಿಯಲ್ಲಿ ಆ ವರ್ಷ ಆ ಹಾಡು ಮೂರನೆಯದು. ಇಂಗ್ಲಿಷಿನಲ್ಲಿ ತಮ್ಮನ್ನು 'ಹಿ', 'ಶಿ' ಎನ್ನದೆ 'ದೆ' ಎಂದು ಕರೆಯಿರಿ ಎನ್ನುವ ಟ್ಯಾಶ್ ಬಗ್ಗೆ ಬರೆಯುವಾಗ ಅಲ್ಲಿನ ಪತ್ರಿಕೆಗಳು ತಡವರಿಸಿದ್ದುಂಟು. ನಮಗೆ ಆ ಕಷ್ಟವೇ ಇಲ್ಲ, 'ಅವರು' ಅಂದರೆ ಮುಗಿಯಿತು.

ಅವರ ಕಾಲಬುಡದಲ್ಲಿ ಇದ್ದದ್ದು ಬಾಸ್ ಕಂಪನಿಯ ಲೂಪ್ ಪೆಡಲು, ಕಂಪನಿ ಇಟ್ಟ ಹೆಸರು ಲೂಪ್ ಸ್ಟೇಷನ್. ಆಗ ಬೀದಿ ಗಾಯಕರ ಮೆಚ್ಚಿನದಾಗಿದ್ದ ಆರ್‌ಸಿ-30ರ ಜಾಗಕ್ಕೆ 2020ರಲ್ಲಿ ಬಂದದ್ದು ಆರ್‌ಸಿ-500. ಎರಡು ಸ್ಟೀರಿಯೊ ಟ್ರ್ಯಾಕು, ಒಂದೊಂದಕ್ಕೂ ಶಬ್ದ ಏರಿಳಿಸುವ ಬೇರೆ ಫೇಡರ್ (ಜಾರುಗುಂಡಿ), ಮೂರು ಪೆಡಲು, ಫ್ಯಾಂಟಮ್ ಪವರ್ (ಕೆಲವು ಮೈಕುಗಳಿಗೆ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್) ಇರುವ ಎಕ್ಸ್‌ಎಲ್‌ಆರ್ (ಮೂರು ಕಡ್ಡಿಯ) ಮೈಕ್ ಇನ್‌ಪುಟ್, ಲೂಪ್ ಉಳಿಸಿಡಲು 99 ಮೆಮೊರಿ, ಒಟ್ಟು ಸುಮಾರು 13 ಗಂಟೆ ರೆಕಾರ್ಡಿಂಗ್. 13 ಗಂಟೆ ಯಾರಿಗೆ ಬೇಕೋ ಗೊತ್ತಿಲ್ಲ. ಹಾಡುವವರು ಇದಕ್ಕೆ ದುಡ್ಡು ಹಾಕುವುದು ಆ ಮೈಕ್ ಇನ್‌ಪುಟ್ಟಿಗಾಗಿ. ಇದೇ ಮನೆತನದ ಚಿಕ್ಕ ಪೆಡಲು ಆರ್‌ಸಿ-5ರಲ್ಲಿ ಶಬ್ದ, ಮೆಮೊರಿ ಎಲ್ಲ ಇದೆ, ಮೈಕ್ ಜಾಗವಿಲ್ಲ. ಗಿಟಾರು ಮಾತ್ರ ಸುತ್ತಿಸುವವರಿಗೆ ಅದೇ ಧಾರಾಳ.

ಕೆಲಸ ಮಾಡುವ ರೀತಿ ಸರಳ. ಪೆಡಲು ಒತ್ತಿದರೆ ರೆಕಾರ್ಡಿಂಗ್ ಶುರು, ಮತ್ತೆ ಒತ್ತಿದರೆ ಸುತ್ತು ಮುಚ್ಚಿಕೊಂಡು ಅದರ ಮೇಲೆ ಇನ್ನೊಂದು ಪದರ ಹಾಕುವ ಓವರ್‌ಡಬ್ ಸ್ಥಿತಿ, ಮೂರನೇ ಸಲ ಒತ್ತಿದರೆ ಬರೀ ಪ್ಲೇ. ಎರಡನೇ ಒತ್ತಿಗೇ ಪ್ಲೇ ಆಗುವಂತೆ ಬದಲಾಯಿಸಿಕೊಳ್ಳಬಹುದು, ಆದರೆ ಅವಸರ ಬೇಡ. ಸುತ್ತಿನ ಕೊನೆಯ ತಂತಿಯ ಅನುರಣನ, ರಿವರ್ಬಿನ (ಕೋಣೆಯ ಗುಂಯ್‌ಗುಡುವಿಕೆಯಂಥ ಪರಿಣಾಮದ) ಬಾಲ, ಎರಡೂ ಸುತ್ತು ಮುಚ್ಚಿದ ಮೇಲೂ ಒಂದೆರಡು ಸೆಕೆಂಡ್ ಉಳಿಯುತ್ತವೆ. ಓವರ್‌ಡಬ್ ಸ್ಥಿತಿಯಲ್ಲಿದ್ದರೆ ಆ ಬಾಲ ಮುಂದಿನ ಸುತ್ತಿನ ತಲೆಯ ಮೇಲೆ ಕೂತು ಜೋಡಣೆ ಕಾಣದಂತಾಗುತ್ತದೆ. ನೇರ ಪ್ಲೇಗೆ ಹೋದರೆ ಬಾಲ ಕತ್ತರಿಸಿ, ಪ್ರತಿ ಸುತ್ತಿಗೂ ಒಂದು 'ಟಕ್'.

ಎಡವುವುದು ಹೆಚ್ಚಾಗಿ ಕಾಲಲ್ಲೇ. ನಿಮಿಷಕ್ಕೆ 90 ಬಡಿತ, ನಾಲ್ಕು ಬಡಿತದ ನಾಲ್ಕು ಬಾರ್ (ಬಡಿತಗಳ ಗುಂಪು) ಎಂದಿಟ್ಟುಕೊಳ್ಳಿ, ಒಂದು ಸುತ್ತು 10.67 ಸೆಕೆಂಡ್. ಮುಚ್ಚುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೆ ಸುತ್ತಿನ ಕೊನೆಗೆ ಒಂದು ಕುಂಟು ಸೇರುತ್ತದೆ. ಮೂರೂವರೆ ನಿಮಿಷದ ಹಾಡಲ್ಲಿ ಆ ಕುಂಟು ಇಪ್ಪತ್ತು ಸಲ ಮರುಕಳಿಸುತ್ತದೆ, ಮೇಲೆ ಎಷ್ಟು ಚೆನ್ನಾಗಿ ಹಾಡಿದರೂ ಮುಚ್ಚಿಹೋಗುವುದಿಲ್ಲ. ಕೊನೆಯ ಬಡಿತ ಮುಗಿಯಿತೆಂದು ಒತ್ತುವುದು ತಪ್ಪು ಅಭ್ಯಾಸ. ಮುಂದಿನ ಸುತ್ತಿನ 'ಒಂದು' ಬೀಳುವ ಜಾಗದಲ್ಲಿ, ತಾಳ ಹಾಕುವ ಹಾಗೆಯೇ ಒತ್ತಬೇಕು. ಹಿಮ್ಮಡಿ ನೆಲಕ್ಕೆ ಊರಿ ಮುಂಗಾಲು ಮಾತ್ರ ಆಡಿಸಿದರೆ ಕಾಲು ತಡವಾಗುವುದಿಲ್ಲ. ಇಡೀ ಕಾಲೆತ್ತಿ ಒತ್ತುವವರು ಸದಾ ಹಿಂದೆ.

ಪೆಡಲಿನೊಳಗೇ ಇರುವ ರಿದಮ್ (ತಾಳದ ಸದ್ದು) ಹಾಕಿಕೊಂಡು ಕ್ವಾಂಟೈಜ್ ಆನ್ ಮಾಡಿದರೆ ಯಂತ್ರವೇ ಸುತ್ತನ್ನು ಅಳತೆಗೆ ಕೂರಿಸುತ್ತದೆ. ಕರ್ನಾಟಕ ಸಂಗೀತ ಕಲಿತು ಬಂದವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಆದಿತಾಳದ ಎಂಟಕ್ಷರ ನಾಲ್ಕರ ಎರಡು ಬಾರಿನಲ್ಲಿ ಸಲೀಸಾಗಿ ಕೂರುತ್ತದೆ. ಮಿಶ್ರಚಾಪುವಿನ ಏಳನ್ನು ನಾಲ್ಕರ ಲೆಕ್ಕದ ರಿದಮ್ ಮೇಲೆ ಹಿಡಿದರೆ ಯಂತ್ರ ಎಂಟಕ್ಕೆ ಎಳೆದು, ಕೊನೆಗೆ ಖಾಲಿ ಜಾಗ ಬಿಡುತ್ತದೆ. ರೆಕಾರ್ಡಿಂಗಿಗೆ ಮುಂಚೆಯೇ ಮೆನುವಿನಲ್ಲಿ ಬೀಟನ್ನು ಏಳಕ್ಕೆ ಬದಲಾಯಿಸಬೇಕು. ಇಲ್ಲವೇ ರಿದಮ್, ಕ್ವಾಂಟೈಜ್ ಎರಡನ್ನೂ ಆರಿಸಿ ಕಾಲನ್ನೇ ನಂಬಬೇಕು.

ಎರಡನೇ ತೊಂದರೆ ಶಬ್ದದ ಮಟ್ಟದ್ದು. ಒಂದೇ ಮಟ್ಟದ ಎರಡು ಬೇರೆ ಬೇರೆ ಪದರ ಕೂಡಿದರೆ ಸುಮಾರು 3 ಡೆಸಿಬೆಲ್ ಏರಿಕೆ, ನಾಲ್ಕು ಕೂಡಿದರೆ 6. ಐದನೇ ಪದರ ಹಾಕುವ ಹೊತ್ತಿಗೆ ದನಿಗೆ ಜಾಗವೇ ಇರುವುದಿಲ್ಲ. ಹಾಗಾಗಿ ಮೊದಲ ಪದರವನ್ನೇ ಬೇಕೆನಿಸಿದ್ದಕ್ಕಿಂತ ಮೆಲ್ಲಗೆ ನುಡಿಸಬೇಕು. ಗಿಟಾರಿನ ಮೈ ತಟ್ಟಿ ತಾಳ, ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸುವ ಆಕ್ಟೇವ್ ಪೆಡಲಿನಿಂದ ಬೇಸ್, ಆಮೇಲೆ ತೆಳುವಾದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ), ಕೊನೆಗೆ ದನಿ, ಇದು ಒಗ್ಗುವ ಕ್ರಮ. ಎರಡು ಟ್ರ್ಯಾಕಿನ ಬೆಲೆ ತಿಳಿಯುವುದೂ ಆಗಲೇ. ತಾಳ, ಬೇಸ್ ಒಂದರಲ್ಲಿ, ಕಾರ್ಡ್ ಮತ್ತು ಹಿನ್ನೆಲೆ ದನಿ ಇನ್ನೊಂದರಲ್ಲಿ ಇಟ್ಟರೆ ಹಾಡಿನ ನಡುವೆ ಫೇಡರ್ ಇಳಿಸಿ ಉಸಿರಾಡಲು ಬಿಡಬಹುದು. ಎಲ್ಲವನ್ನೂ ಒಂದೇ ಟ್ರ್ಯಾಕಿಗೆ ಸುರಿದರೆ ಇರುವ ದಾರಿ 'ಅಂಡೂ' (ಮಾಡಿದ್ದನ್ನು ರದ್ದು ಮಾಡುವುದು) ಒಂದೇ. ಪೆಡಲನ್ನು ಎರಡು ಸೆಕೆಂಡ್ ಒತ್ತಿ ಹಿಡಿದರೆ ಕೊನೆಯ ಓವರ್‌ಡಬ್ ಹೋಗುತ್ತದೆ, ಅದರ ಹಿಂದಿನದು ಹೋಗುವುದಿಲ್ಲ.

ಸಂಪರ್ಕದ ಕ್ರಮವೂ ಕೆಡಿಸುತ್ತದೆ. ಗಿಟಾರಿನ ಶಬ್ದವನ್ನು ಒರಟಾಗಿಸುವ ಡಿಸ್ಟಾರ್ಶನ್ ಪೆಡಲು ಲೂಪರಿನ ಮುಂಚೆ ಬರಲಿ. ಲೂಪರ್ ಆದ ಮೇಲೆ ಬಂದರೆ, ಅಥವಾ ಲೂಪರನ್ನು ನೇರ ಡ್ರೈವ್ ಮಾಡಿದ (ಶಬ್ದ ಒಡೆಯುವಷ್ಟು ಏರಿಸಿದ) ಆಂಪಿಗೆ ಚುಚ್ಚಿದರೆ, ಎಲ್ಲ ಪದರಗಳೂ ಒಟ್ಟಿಗೆ ಕಲಸಿ ಅಂಬಲಿಯಾಗುತ್ತವೆ. ಮೈಕ್ ಬಳಸುವವರು ಗಿಟಾರ್ ಆಂಪಿಗೆ ಹೋಗಲೇಬಾರದು, ಅದರ ಸ್ಪೀಕರ್ ದನಿಯ ಮೇಲ್ಭಾಗವನ್ನು ನುಂಗಿಬಿಡುತ್ತದೆ. ನೇರವಾಗಿ ಸಭೆಗೆ ಕೇಳಿಸುವ ಧ್ವನಿವರ್ಧಕ ವ್ಯವಸ್ಥೆಗೆ, ಅಂದರೆ ಪಿಎಗೆ ಕೊಡಿ. ಮೈಕ್ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು) ಆಗಿರಲಿ, ಹಾಡುವವರಿಗೆ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಅದರ ಬೆನ್ನಿಗಿರಲಿ. ಇಲ್ಲದಿದ್ದರೆ ಪ್ರತಿ ಓವರ್‌ಡಬ್ಬಿನಲ್ಲೂ ಸ್ಪೀಕರಿನಿಂದ ಬಂದ ಹಳೆಯ ಪದರವೇ ಮತ್ತೆ ರೆಕಾರ್ಡಾಗಿ ಸುತ್ತಿನಿಂದ ಸುತ್ತಿಗೆ ಮಬ್ಬು ಕಟ್ಟುತ್ತದೆ.

ಇದರ ದೊಡ್ಡ ಕೊರತೆ ಔಟ್‌ಪುಟ್ಟಿನಲ್ಲಿ. ಹೊರಬರುವುದು ಎ ಮತ್ತು ಬಿ ಎಂಬ ಒಂದೇ ಜೋಡಿ. ಹಾಡು, ಗಿಟಾರು ಕಲಸಿಯೇ ಹೋಗುವುದರಿಂದ ಸೌಂಡ್ ನೋಡಿಕೊಳ್ಳುವವರು ದನಿಯನ್ನಷ್ಟೇ ಎತ್ತಿ ಕೊಡಲಾರರು. ಆ ಸಮತೋಲ ಮೊದಲೇ ಪೆಡಲಿನಲ್ಲಿ ಮಾಡಿಕೊಂಡು ವೇದಿಕೆಗೆ ಹೋಗಬೇಕು. ನೇರವಾಗಿ ಹಾಡುವ ದನಿಗೆ ಬೇರೆ ಮೈಕ್ ಇಟ್ಟು, ಲೂಪಿಗೆ ಮಾತ್ರ ಇನ್ನೊಂದು ಮೈಕ್ ಬಳಸುವುದು ಗಟ್ಟಿ ಉಪಾಯ.

ಪವರ್ ಬಗ್ಗೆ ಚಿಕ್ಕದಾಗಿ: ನಾಲ್ಕು ಡಬಲ್-ಎ ಸೆಲ್ಲಿನಲ್ಲೂ ನಡೆಯುತ್ತದೆ, ಬೀದಿಯಲ್ಲಿ ಅದು ವರ. ಅಡಾಪ್ಟರ್ ಆದರೆ 9 ವೋಲ್ಟ್, ನಡುವಿನ ಕಡ್ಡಿ ನೆಗೆಟಿವ್. ಬೇರೆ ಪೆಡಲುಗಳೊಂದಿಗೆ ಒಂದೇ ಅಡಾಪ್ಟರಿನ ಕವಲು ವೈರಿಗೆ ಪೋಣಿಸಿದರೆ ಸಣ್ಣಗೆ 'ಕುಂಯ್' ಅನ್ನುವ ಸದ್ದು ಸೇರಿಕೊಳ್ಳಬಹುದು. ಬೇರೆ ಅಡಾಪ್ಟರ್ ಕೊಟ್ಟರೆ ಹೋಗುತ್ತದೆ. ಕಟ್ಟಿದ ಲೂಪನ್ನು ಮೆಮೊರಿಗೆ ಬರೆದು ಉಳಿಸದೆ ಸ್ವಿಚ್ ಆರಿಸಬೇಡಿ.

ಯಾರು ಕೊಳ್ಳಬಾರದು? ಪಲ್ಲವಿಗೊಂದು, ಚರಣಕ್ಕೊಂದು, ನಡುವೆ ಮತ್ತೊಂದು ಕಾರ್ಡುಗಳ ಸಾಲು ಇರುವ ಹಾಡು ಕಟ್ಟುವವರು. ಎರಡು ಟ್ರ್ಯಾಕನ್ನು ಒಂದಾದ ಮೇಲೊಂದರಂತೆ ನುಡಿಸುವ ಸಿಂಗಲ್ ಮೋಡ್ ಇದ್ದರೂ ಮೂರನೇ ಭಾಗ ಬಂದಾಗ ಕೈ ಖಾಲಿ. ಆರೆಂಟು ನಿಮಿಷ ಒಂದೇ ಆವರ್ತದ ಮೇಲೆ ಪದರ ಏರಿಸುತ್ತಾ ಹೋಗುವ ಹಾಡುಗಳಿಗೆ ಈ ಪೆಡಲು ಹೇಳಿ ಮಾಡಿಸಿದ್ದು, ಟ್ಯಾಶ್ ಕಟ್ಟಿಕೊಂಡದ್ದೂ ಅಂಥ ಹಾಡುಗಳನ್ನೇ. ಇದು ತಮ್ಮ ದಾರಿಯೋ ಅಲ್ಲವೋ ಎಂದು ಇನ್ನೂ ನೋಡುತ್ತಿರುವವರು ಆರ್‌ಸಿ-1 ತಂದು, ಅದರ 12 ನಿಮಿಷದ ಒಂದೇ ಲೂಪಿನಲ್ಲಿ ಮೂರು ತಿಂಗಳು ಕಾಲು ಪಳಗಿಸಲಿ. ಹಳೆಯ ಆರ್‌ಸಿ-30 ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಫೇಡರ್ ಎರಡನ್ನೂ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ಕರಕರ ಕೇಳುತ್ತದೆಯೇ ನೋಡಿ, ಪೆಡಲನ್ನು ಮೂವತ್ತು ಸಲ ಒತ್ತಿ ಒಂದು ಒತ್ತಾದರೂ ತಪ್ಪುತ್ತದೆಯೇ ಎಣಿಸಿ. ತಪ್ಪಿದರೆ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ.