ವೈಸ್‌ಗೆ ಕಚ್ಚಿಸುವ ಸ್ಪ್ರಿಂಗ್ ಟೆಸ್ಟರ್: ಹಳೇ ಜೀಪಿಗೆ ಸಾಕಾಗುತ್ತದೆಯೇ?

ತೋಟದ ಮನೆಯಲ್ಲಿ ವರ್ಷಗಟ್ಟಲೆ ನಿಂತ ವಿಲ್ಲೀಸ್ ಜೀಪನ್ನು ಮತ್ತೆ ದೇವಿಮನೆ ಘಾಟಿ ಹತ್ತಿಸಬೇಕೆಂದರೆ, ಎಂಟೂ ವಾಲ್ವ್ ಸ್ಪ್ರಿಂಗ್ (ವಾಲ್ವನ್ನು ಮುಚ್ಚಿ ಹಿಡಿಯುವ ಸುರುಳಿ) ಅಳೆಯದೆ ಎಂಜಿನ್ ಮುಚ್ಚಬಾರದು. ಗಾಡಿ ನಿಂತಾಗ ಯಾವ ವಾಲ್ವ್ ತೆರೆದಿತ್ತೋ ಅದರ ಸ್ಪ್ರಿಂಗ್ ಅಷ್ಟು ವರ್ಷವೂ ಅದುಮಿಕೊಂಡೇ ಇರುತ್ತದೆ, ಕುಗ್ಗುತ್ತದೆ. ಹಾಗಾಗಿ ಒಂದನ್ನು ನೋಡಿ ಉಳಿದ ಏಳಕ್ಕೆ ಪಾಸ್ ಕೊಡುವಂತಿಲ್ಲ.

ಈ ಟೆಸ್ಟರ್ ಎಂದರೆ ಎಣ್ಣೆ ತುಂಬಿದ ಪುಟ್ಟ ಸಿಲಿಂಡರ್, ಪಕ್ಕಕ್ಕೊಂದು ಡಯಲ್. ಇದನ್ನೂ ಸ್ಪ್ರಿಂಗನ್ನೂ ಬೆಂಚ್ ವೈಸಿನ (ವಸ್ತುವನ್ನು ಬಿಗಿ ಹಿಡಿಯುವ ಸಾಧನ) ದವಡೆಗಳ ನಡುವೆ ಜೊತೆಗಿಟ್ಟು ತಿರುಗಿಸಿದರೆ ಮುಳ್ಳು ಏರುತ್ತದೆ. ಡಯಲ್ 500 ಪೌಂಡ್‌ವರೆಗಿದೆ, ಗೆರೆಗೆ 10 ಪೌಂಡ್. ನಮ್ಮ ಮೊದಲ ತಕರಾರು ಇಲ್ಲೇ. ವಿಲ್ಲೀಸ್‌ನ ಸೈಡ್ ವಾಲ್ವ್ ಎಂಜಿನ್‌ಗೆ ಬೇಕಾದದ್ದು ಒಂದೂಮುಕ್ಕಾಲು ಇಂಚಿಗೆ, ಅಂದರೆ 44.5 ಮಿ.ಮೀ.ಗೆ ಅದುಮಿದಾಗ 116 ಪೌಂಡ್. ಡಯಲ್‌ನ ಕಾಲು ಭಾಗದಲ್ಲೇ ಕೆಲಸ ಮುಗಿಯುತ್ತದೆ. ವಾಲ್ವ್ ಮುಚ್ಚಿದಾಗಿನ 50 ಪೌಂಡನ್ನು ಈ ಡಯಲ್‌ನಲ್ಲಿ ಓದುವುದಂತೂ ಅಂದಾಜಿನ ಮಾತು.

ಡಯಲ್‌ಗಿಂತ ಹೆಚ್ಚು ಮೋಸ ಮಾಡುವುದು ಅದುಮಿದ ಸ್ಪ್ರಿಂಗಿನ ಎತ್ತರ. ಆ ಎತ್ತರದಲ್ಲಿ 1 ಮಿ.ಮೀ. ತಪ್ಪಿದರೆ ಸುಮಾರು 7 ಪೌಂಡ್ ತಪ್ಪುತ್ತದೆ. ಟೆಸ್ಟರ್‌ನ ಪಿಸ್ಟನ್ ಕೂಡ ತುಸು ಒಳಗೆ ಹೋಗುವುದರಿಂದ ವೈಸ್ ದವಡೆಗಳ ಅಂತರ ನಂಬಬೇಡಿ, ವರ್ನಿಯರ್ ಕ್ಯಾಲಿಪರನ್ನು ಸ್ಪ್ರಿಂಗ್‌ಗೇ ಹಿಡಿದು ಅಳೆಯಿರಿ. ಸವೆದ ವೈಸಿನ ದವಡೆ ಓರೆಯಾದರೆ ಸ್ಪ್ರಿಂಗ್ ಹಾರುತ್ತದೆ. ಕನ್ನಡಕ ಹಾಕಿ, ಸ್ಪ್ರಿಂಗ್ ಮೇಲೆ ದಪ್ಪ ಬಟ್ಟೆ ಹೊದಿಸಿ. ಓದುವ ಮೊದಲು ಮೂರು ಸಲ ಅದುಮಿ ಬಿಡಿ. ಡಯಲ್ ಸರಿಯಿದೆಯೇ ಎಂಬ ಅನುಮಾನವಿದ್ದರೆ ಟೆಸ್ಟರನ್ನು ತೂಕದ ಯಂತ್ರದ ಮೇಲಿಟ್ಟು ಡ್ರಿಲ್ ಪ್ರೆಸ್‌ನಿಂದ ಒತ್ತಿ: ಯಂತ್ರ ಮೊದಲಿಗಿಂತ 52.6 ಕಿಲೋ ಹೆಚ್ಚು ತೋರಿಸಿದಾಗ ಡಯಲ್ 116ರಲ್ಲಿರಬೇಕು.

ಕರಾವಳಿಯವರಿಗೆ ಇನ್ನೊಂದು ಮಾತು. ಕಾರವಾರ, ಅಂಕೋಲಾದ ಉಪ್ಪು ಗಾಳಿ ತಿಂದ ಸ್ಪ್ರಿಂಗ್ ಈ ಟೆಸ್ಟರ್‌ನಲ್ಲಿ ಪೂರ್ತಿ ಒತ್ತಡ ತೋರಿಸಿಯೂ ನಾಳೆ ಮುರಿಯಬಹುದು. ಚಿಮಣಿ ಎಣ್ಣೆಯಲ್ಲಿ ತೊಳೆದು, ಸುರುಳಿಯ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ತಿರುಚುವ ಒತ್ತಡ ಅಲ್ಲೇ ಹೆಚ್ಚು. ಸಾಸಿವೆಗಿಂತ ಚಿಕ್ಕ ಕಪ್ಪು ಗುಳಿಯೊಂದು ಉಗುರಿಗೆ ಸಿಕ್ಕರೂ ಸಾಕು, ಬಿರುಕು ಹುಟ್ಟುವುದು ಅಂಥ ಗುಳಿಯಿಂದಲೇ. ಅಂಥದ್ದನ್ನು ಅಳೆಯುವ ಶ್ರಮವೂ ಬೇಡ, ಎಸೆಯಿರಿ. ತುಕ್ಕು ಸಮನಾಗಿ ತಿಂದಿದ್ದರೂ ನಷ್ಟ ಸಣ್ಣದಲ್ಲ: 4 ಮಿ.ಮೀ. ತಂತಿ 3.9 ಆದರೆ ಬಿಗಿ ಶೇ. 10ರಷ್ಟು ಇಳಿಯುತ್ತದೆ.

ತುಕ್ಕಿಲ್ಲದೆ ಬರೀ ಕುಗ್ಗಿದ್ದಕ್ಕೆ ತೆಳು ವಾಷರ್ ಕೊಡಬಹುದು, ವಾಲ್ವ್ ಪೂರ್ತಿ ತೆರೆದಾಗ ಸುರುಳಿಗಳು ಒಂದಕ್ಕೊಂದು ತಾಗಬಾರದು ಅಷ್ಟೇ. ಒತ್ತಡ ಇರಬೇಕಾದ್ದಕ್ಕಿಂತ ಶೇ. 10ಕ್ಕೂ ಮೀರಿ ಇಳಿದಿದ್ದರೆ ಎಂಟನ್ನೂ ಬದಲಿಸಿ. ಜೋಡಿಸುವಾಗ ಸುರುಳಿ ಒತ್ತಾಗಿರುವ ತುದಿ ಎಂಜಿನ್ ಬ್ಲಾಕ್ ಕಡೆಗೆ.

ಎಂಟರಲ್ಲಿ ಸೋತದ್ದು ಯಾವುದೆಂದು ಆರಿಸಲು ಈ ಟೆಸ್ಟರ್ ಒಳ್ಳೆಯದು, ಕೊಳ್ಳಬಹುದು. 200 ಪೌಂಡ್ ಡಯಲ್‌ನದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.